ಮೂರು ಸಲ ಓದಿದ ಕಾರ್ಡು

ಕುರುಗೋಡು
೧೧-೧೨-೧೯೫೧, ಮಂಗಳವಾರ

ಪ್ರೀತಿಯ ತಮ್ಮ ಚಿದಾನಂದನಿಗೆ,

ಅಕ್ಕನ ಆಶೀರ್ವಾದ. ಬಳ್ಳಾರಿಯ ಚಳಿಗೆ ನಿನ್ನ ಕೆಮ್ಮು ಹೇಗಿದೆ? ಹೋದ ವಾರದ ಬುತ್ತಿಯನ್ನು ಬಸ್ಸಿನವರು ಹಾಸ್ಟೆಲ್ಲಿಗೆ ಸರಿಯಾಗಿ ಮುಟ್ಟಿಸಿದರೇ? ರೊಟ್ಟಿ ತಟ್ಟಿದವಳು ನಾನು, ಶೇಂಗಾ ಹಿಂಡಿ ಕುಟ್ಟಿದವಳೂ ನಾನು. ನೀನು ಕಾಗದದಲ್ಲಿ ಹೊಗಳುವುದು ಮಾತ್ರ ಅವ್ವನ ಕೈರುಚಿಯನ್ನು. ಇರಲಿ. ಇಲ್ಲಿ ಎಲ್ಲರೂ ಆರೋಗ್ಯ. ಅಜ್ಜಿಯ ಮೊಣಕಾಲು ನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ.

ಟರ್ಮಿನ ಪರೀಕ್ಷೆ ಮುಗಿಯಿತೆಂದೂ ನೀನು, ರಜೆಯಲ್ಲಿ ಅಲ್ಲೇ ನಿಂತು ಇಂಗ್ಲಿಷ್ ಮೇಷ್ಟ್ರ ಹತ್ತಿರ ಪಾಠ ಹೇಳಿಸಿಕೊಳ್ಳುವೆನೆಂದೂ ಬರೆದಿದ್ದೆ. ಕಾಲೇಜಿನ ಪುಸ್ತಕದ ಕೋಣೆಯಲ್ಲಿ ಕಪಾಟಿಗೆ ಬೀಗವೇ ಹಾಕುವುದಿಲ್ಲ, ಬೇಕಾದ್ದನ್ನು ತೆಗೆದು ಓದಬಹುದು ಎಂದೆ. ಸಂಜೆ ಗೆಳೆಯರ ಜೊತೆ ಇಂಗ್ಲಿಷಿನಲ್ಲೇ ಮಾತಾಡುತ್ತ ಕಂಟೋನ್ಮೆಂಟಿನ ಕಡೆ ತಿರುಗಾಡುತ್ತೇವೆ ಎಂದೆ. ಇದನ್ನೆಲ್ಲ ಅವ್ವನಿಗೆ ಓದಿ ಹೇಳುವಾಗ ನನಗೆ ಹೊಟ್ಟೆ ಉರಿಯುತ್ತದೆ ಚಿದಾನಂದ. ಸಿರುಗುಪ್ಪದ ಮಾವನ ಮನೆಯಲ್ಲಿದ್ದು ಥರ್ಡ್ ಫಾರಂವರೆಗೆ ಓದಿದವಳು ನಾನು, ಕ್ಲಾಸಿಗೆ ಮೊದಲು ಬಂದವಳು. ಅಪ್ಪ ಬಿಡಿಸಲು ಬಂದಾಗ ಅಲ್ಲಿಯ ಮೇಷ್ಟ್ರು ಬೇಡವೆಂದು ಎಷ್ಟೋ ಹೇಳಿದರು. ಅಪ್ಪ ಕೈಮುಗಿದು, "ಇಬ್ಬರ್ನ ಓದ್ಸಾಕ ನನ್ನ ಕೈಲಾಗಲ್ರಿ, ಹುಡುಗ ಓದ್ಲಿ" ಎಂದವನೇ ನನ್ನನ್ನು ಗಾಡಿ ಹತ್ತಿಸಿದ. ಆಮೇಲೆ ನಿನಗೆ ಎ ಬಿ ಸಿ ಡಿ ತಿದ್ದಿಸಿದವರು ಯಾರು, ನೆನಪಿದೆಯೇ? ಎಸ್ ಅಕ್ಷರವನ್ನು ನಾನು ಎಷ್ಟು ಹೇಳಿದರೂ ನೀನು ತಿರುವಿ ಬರೆಯುತ್ತಿದ್ದೆ.

ಶನಿವಾರ ನಿಮ್ಮ ಕಾಲೇಜಿನಿಂದ ಮಾರ್ಕಿನ ಕಾರ್ಡು ಬಂತು. ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತಲ್ಲ, ಯಾವ ಕಾಗದ ಬಂದರೂ ಮೂರು ಸಲ ಓದಬೇಕು. ಒಲೆಯ ಮುಂದೆ ಅವ್ವನಿಗೊಮ್ಮೆ, ಕಟ್ಟೆಯ ಮೇಲೆ ಅಪ್ಪನಿಗೂ ಓಣಿಯ ಹಿರಿಯರಿಗೂ ಒಮ್ಮೆ, ಕಡೆಗೆ ಅಜ್ಜಿಯ ಹಾಸಿಗೆಯ ಪಕ್ಕ ಕೂತು ಒಮ್ಮೆ. ಇಂಗ್ಲಿಷ್ ಬಲ್ಲವಳು ಮನೆಯಲ್ಲಿ ನಾನೊಬ್ಬಳೇ. ನೀನು ಇಂಗ್ಲಿಷಿನಲ್ಲಿಯೂ ಗಣಿತದಲ್ಲಿಯೂ ನಪಾಸು ಎಂದು ಕೇಳಿ ಅವ್ವ ಒಲೆಗೆ ಕಟ್ಟಿಗೆ ಒಡ್ಡುವುದನ್ನೂ ಮರೆತು ಕೂತಳು. ಕಟ್ಟೆಯ ಮೇಲೆ ಪಕ್ಕದ ಮನೆಯ ಹೊನ್ನೂರಪ್ಪ, ಪೇಟೆಯ ನೀರು ಕುಡಿದ ಹುಡುಗರ ಹಣೆಬರಹವೇ ಇಷ್ಟು ಎಂದು ನಕ್ಕ. ಅಪ್ಪ ಎದ್ದು ಒಳಗೆ ಬಂದ. ಆ ದಿನ ಉಣ್ಣಲಿಲ್ಲ. ಅಜ್ಜಿ ಮಾತ್ರ ಎಲ್ಲವನ್ನೂ ಕೇಳಿ, "ಒಲಿ ಮುಂದ ಓದಿದಾಗ ಇಂಗ್ಲಿಷಿಗೆ ಇಪ್ಪತ್ತೆಂಟು ಅಂದಿ, ಈಗ ಇಪ್ಪತ್ತಾರು ಅಂತೀ. ಎರಡು ಎಲ್ಲಿ ಹೋದ್ವು?" ಎಂದಳು. "ನಿನಗೆ ಅರಳು ಮರಳು" ಎಂದು ಅವಳನ್ನು ಗದರಿಸಿ ಎದ್ದು ಬಂದೆ.

ಅಪ್ಪ ಸಿರುಗುಪ್ಪಕ್ಕೆ, ಮರಿಬಸಪ್ಪ ಮಾವನಿಗೆ ಹೇಳಿಕಳಿಸಿದ್ದಾನೆ. ಮಾವ ದುಡಿಯುವ ಅಕ್ಕಿ ಗಿರಣಿಯಲ್ಲಿ ಮೂಟೆ ತೂಗುವ ಕೆಲಸ ಖಾಲಿ ಇದೆಯಂತೆ. ಶುಕ್ರವಾರ ಬೆಳಗಿನ ಬಸ್ಸಿಗೆ ಅಪ್ಪ ಬಳ್ಳಾರಿಗೆ ಬಂದು, ಕಾಲೇಜಿನಿಂದ ನಿನ್ನ ಹೆಸರು ತೆಗೆಸಿ, ಟ್ರಂಕಿನ ಸಮೇತ ನಿನ್ನನ್ನು ಕರೆದುಕೊಂಡು ಬರುತ್ತಾನೆ. ಇದನ್ನು ಕೇಳಿದಾಗ ಇನ್ನು ಅಕ್ಕ ತಮ್ಮ ಇಬ್ಬರೂ ಸಮ ಎನ್ನಿಸಿತು. ಸಂತೋಷವೇ ಆಯಿತು. ಅದು ಒಂದು ದಿನವೂ ಬಾಳಲಿಲ್ಲ. ಮರುದಿನ ಅಪ್ಪ ನಿನ್ನ ಹಳೆಯ ಪುಸ್ತಕಗಳನ್ನು ಅಟ್ಟದಿಂದ ಇಳಿಸಿ, "ಅಂಗಡಿಗೆ ಕೊಡು, ಪೊಟ್ಟಣ ಕಟ್ಟಾಕ ಬರ್ತಾವ" ಎಂದ. ನನ್ನ ಪುಸ್ತಕಗಳಿಗೂ ಅಂದು ಇದೇ ಮಾತು ಹೇಳಿದ್ದ. ನಿನ್ನವನ್ನು ನಾನು ಕೊಡಲಿಲ್ಲ, ನನ್ನ ಹಾಸಿಗೆಯ ಕೆಳಗೆ ಇಟ್ಟಿದ್ದೇನೆ.

ನಿನಗೆ ನಾಲ್ಕು ಧೈರ್ಯದ ಮಾತು ಬರೆ ಎಂದು ಅವ್ವ ಹೇಳಿದ್ದಾಳೆ. ಎದೆಗುಂದಬೇಡ. ಮಾರ್ಚಿನ ಪರೀಕ್ಷೆ ದೂರವಿಲ್ಲ, ನಿದ್ದೆಗೆಟ್ಟು ಕಣ್ಣು ಕೆಡಿಸಿಕೊಳ್ಳಬೇಡ, ಕೆಮ್ಮಿಗೆ ಮೆಣಸಿನ ಕಷಾಯ ಕುಡಿ. ನನ್ನ ಪಾಲಿನದನ್ನೂ ನೀನೇ ಓದು ಎಂದು ಬರೆಯಲು ಕೂತಿದ್ದೆ. ಅದನ್ನು ಮಾತ್ರ ಬರೆಯಲಾರೆ. ನನ್ನ ಪಾಲಿನದು ನನಗೇ ಬೇಕಿತ್ತು.

ಅವ್ವನೂ ಅಜ್ಜಿಯೂ ನಿನ್ನ ತಲೆಯ ಮೇಲೆ ಕೈಯಿಟ್ಟಿದ್ದಾರೆಂದು ತಿಳಿ. ಮೈ ಜೋಪಾನ.

ನಿನ್ನ ಅಕ್ಕ
ವಿರೂಪಮ್ಮ

ತಾ.ಕ.: ಟಪಾಲು ಕಟ್ಟುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ನೀನು ನಪಾಸಾಗಿಲ್ಲ. ಇಂಗ್ಲಿಷಿಗೆ ಎಪ್ಪತ್ತೊಂದು, ಗಣಿತಕ್ಕೆ ಎಂಬತ್ತು, ಇಡೀ ಕ್ಲಾಸಿಗೆ ಮೊದಲು. ಈ ಹುಡುಗನನ್ನು ಬಿ.ಎ.ವರೆಗೆ ಓದಿಸಲೇಬೇಕು ಎಂದು ನಿಮ್ಮ ಮೇಷ್ಟ್ರು ಕೆಳಗೆ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ಆ ಸಾಲು ಕಣ್ಣಿಗೆ ಬಿದ್ದ ಕೂಡಲೇ ನನ್ನ ಬಾಯಿಂದ ಸುಳ್ಳು ಬಂತು. ಅವ್ವನಿಗೆ ಓದಿದ್ದನ್ನೇ ಕಟ್ಟೆಯ ಮೇಲೂ ಓದಬೇಕಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಪ್ಪನ ಮುಂದೆ ನಿಂತು ಹೇಳಬೇಕೆಂದು ಮೂರು ದಿನದಿಂದ ನೋಡುತ್ತಿದ್ದೇನೆ, ನಾಲಿಗೆ ಏಳುತ್ತಿಲ್ಲ. ಕಾರ್ಡು ಇದರೊಳಗೇ ಇದೆ. ಶುಕ್ರವಾರ ಅಪ್ಪನನ್ನು ಮೊದಲು ಆ ಮೇಷ್ಟ್ರ ಹತ್ತಿರ ಕರೆದುಕೊಂಡು ಹೋಗಿ ಅವರಿಂದಲೇ ಓದಿಸು. ಕಾಲೇಜಿನವರ ತಪ್ಪು ಎಂದು ಹೇಳಿ ನನ್ನನ್ನು ಉಳಿಸಬೇಡ. ಅಕ್ಕ ಸುಳ್ಳು ಓದಿದಳು ಎಂದೇ ಹೇಳು. ಇನ್ನು ಮೇಲೆ ಈ ಮನೆಗೆ ಬರುವ ಕಾಗದವನ್ನು ಯಾರೂ ನನ್ನ ಕೈಗೆ ಕೊಡಲಿಕ್ಕಿಲ್ಲ.