ರಸ್ತೆಯ ಮೇಲೆ ನಿಮ್ಮ ಹೆಸರು

ನಮ್ಮನೆಯವರಿಗೆ,

ಅಂಗಡಿಯಲ್ಲಿದ್ದ ಆ ತಗಡಿನ ಡಬ್ಬಿ ನೆನಪಿದೆಯಾ? ಮುಚ್ಚಳದ ಮೇಲೆ ಬಿಳಿ ಕೋಟೆ, ಸುತ್ತ ನೀರು, ನೀರಿನಲ್ಲಿ ಎರಡು ಹಂಸ. ಯಾರೋ ಫಾರಿನ್ನಿಂದ ತಂದುಕೊಟ್ಟ ಬಿಸ್ಕತ್ತು ಮುಗಿದ ಮೇಲೆ ಅದರಲ್ಲಿ ನೀವು ಬೇರಿಂಗ್ ಗುಂಡುಗಳನ್ನು ಹಾಕಿಟ್ಟುಕೊಂಡಿರಿ. ನಿಮ್ಮ ವರ್ಷದ ತಿಥಿ ಮುಗಿದ ಮೇಲೆ ಕಾಮಾಕ್ಷಿಪಾಳ್ಯದ ಸೈಕಲ್ ಅಂಗಡಿಯನ್ನು ಬಿಟ್ಟುಕೊಟ್ಟೆವು. ಪಂಪು, ಸ್ಪ್ಯಾನರು, ಪಂಕ್ಚರ್ ನೋಡುವ ನೀರಿನ ಬೋಗುಣಿ ಎಲ್ಲವನ್ನೂ ಪಕ್ಕದ ಅಂಗಡಿಯವರು ತೆಗೆದುಕೊಂಡರು. ಡಬ್ಬಿಯನ್ನು ನಾನು ಕೊಡಲಿಲ್ಲ. ಅದರ ಮುಚ್ಚಳವನ್ನು ಸೀರೆಗಳ ನಡುವೆ ಇಟ್ಟುಕೊಂಡು ಮಗಳು ಸುಧಾಳ ಜೊತೆ ಯೂರೋಪಿಗೆ ಹೋಗಿಬಂದೆ. ಹೌದು, ನಾನೇ. ಮಾಗಡಿ ರೋಡು ದಾಟಲು ಹತ್ತು ನಿಮಿಷ ನಿಲ್ಲುತ್ತಿದ್ದವಳು.

ಜುಲೈ ಬಂತೆಂದರೆ ನೀವು ಅಂಗಡಿ ಬೇಗ ಮುಚ್ಚಿ ಬಂದು ಟೀವಿ ಮುಂದೆ ಕೂತುಬಿಡುತ್ತಿದ್ದಿರಿ. ಫ್ರಾನ್ಸಿನಲ್ಲಿ ಮೂರು ವಾರ ನಡೆಯುವ ಸೈಕಲ್ ರೇಸು. ಸೈಕಲ್‌ಗಳ ಸಾಲು ನದಿ, ದ್ರಾಕ್ಷಿ ತೋಟ ದಾಟಿ ಹೋಗುವಾಗ ಮೇಲಿನಿಂದ ಒಂದು ಕೋಟೆ ತೋರಿಸುತ್ತಿದ್ದರು.

"ನೋಡೇ, ನಮ್ ಡಬ್ಬಿ ಕೋಟೆ ಥರಾನೇ ಐತೆ. ಒಂದ್ಸಲ ಹೋಗ್ಬರೋಣ ಕಣೇ."

ಅಕ್ಕಿ ಆರಿಸುತ್ತಲೇ ನಾನು ಅನ್ನುತ್ತಿದ್ದೆ: "ಸೈಕಲ್ ನೋಡೋಕೆ ಫಾರಿನ್ನಿಗೆ ಹೋಗ್ಬೇಕಾ? ಅಂಗಡಿ ಮುಂದೆ ನಿಂತ್ಕೊಳ್ಳಿ, ಬೇಕಾದಷ್ಟು ಬರ್ತವೆ."

ನೀವು ನಗುತ್ತಿದ್ದಿರಿ. ಆದರೂ ಇಬ್ಬರಿಗೂ ಪಾಸ್‌ಪೋರ್ಟ್ ಮಾಡಿಸಿದಿರಿ. ನಾನು ಸುಧಾಳ ಮದುವೆ ಆಗಲಿ ಅಂದೆ, ಆಮೇಲೆ ಅವಳ ಬಾಣಂತನ ಅಂದೆ, ಆಮೇಲೆ ನನ್ನ ಮಂಡಿನೋವು ಅಂದೆ. ಆಮೇಲೆ...

ಆಸ್ಪತ್ರೆಯ ಆ ಕೊನೆಯ ಮಧ್ಯಾಹ್ನದ್ದೇ ನನಗೆ ಕೊರಗು. ನಿಮಗೆ ಪ್ರಜ್ಞೆ ಇರಲಿಲ್ಲ. ನರ್ಸಮ್ಮ ನನ್ನ ಭುಜ ಹಿಡಿದು ಹೇಳಿದಳು: "ಅಮ್ಮಾ, ಹೆಸ್ರಿಡಿದು ಜೋರಾಗಿ ಕರೀರಿ. ಕೇಳಿಸಿದ್ರೂ ಕೇಳಿಸ್ಬೋದು." ನಾನು "ರೀ... ರೀ..." ಅಂದೆ. ಅವಳು ಮತ್ತೆ ಹೇಳಿದಳು, "ಹಂಗಲ್ಲಮ್ಮಾ, ಹೆಸ್ರು." ಬಾಯಿ ಬರಲಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಮ್ಮಿಯಾಗುತ್ತದೆ ಎಂದು ನಿಮ್ಮ ತಾಯಿ ಮದುವೆಯ ವಾರದಲ್ಲೇ ಹೇಳಿಕೊಟ್ಟಿದ್ದರು. ಮೂವತ್ತೊಂದು ವರ್ಷ ಕಾಪಾಡಿಕೊಂಡು ಬಂದದ್ದನ್ನು ಆ ಗಳಿಗೆಯಲ್ಲಿ ಹೇಗೆ ಬಿಡಲಿ? ಆದರೆ ಕರೆದಿದ್ದರೆ ನೀವು ಒಮ್ಮೆ ಕಣ್ಣು ಬಿಡುತ್ತಿದ್ದಿರೇನೋ. ಮನೆಗೆ ಬಂದ ಮೇಲೆ ಪಾತ್ರೆ ತೊಳೆಯುವಾಗಲೂ ಇದೇ ಯೋಚನೆ.

ಹೊರಡುವ ಮುಂಚೆ ಪೆಟ್ಟಿಗೆಯಲ್ಲಿ ರಂಗೋಲಿ ಪುಡಿ ನೋಡಿ ಸುಧಾ, "ಹೋಟೆಲ್ ಬಾಗ್ಲಿಗೂ ಹಾಕ್ತೀಯೇನಮ್ಮಾ?" ಎಂದು ರೇಗಿಸಿದಳು. ಹೊಸಿಲು ಎಲ್ಲಿದ್ದರೂ ಹೊಸಿಲೇ ಅಲ್ಲವೇ? ಅಲ್ಲಿನ ಏರ್‌ಪೋರ್ಟಿನಲ್ಲಿ ಬಿಳಿ ಪುಡಿ ಏನೆಂದು ನಿಲ್ಲಿಸಿಕೊಂಡರು. ಸುಧಾ ಫೋನಿನಲ್ಲಿ ನಮ್ಮ ಬಾಗಿಲಿನ ಫೋಟೊ ತೋರಿಸಿದ ಮೇಲೆ ಆ ಆಫೀಸರು ನಕ್ಕು ಬಿಟ್ಟುಕಳಿಸಿದ.

ನಮ್ಮ ಟೂರಿನವರು ನಾಲ್ಕು ಕೋಟೆ ತೋರಿಸಿದರು. ಮಂಡಿ ಹಿಡಿದುಕೊಂಡು ಸುತ್ತು ಮೆಟ್ಟಿಲುಗಳನ್ನೆಲ್ಲ ಹತ್ತಿದೆ. ಒಂದರ ಅಡುಗೆಮನೆಯಲ್ಲಿ ತಾಮ್ರದ ಪಾತ್ರೆಗಳು ಸಾಲಾಗಿ ಹೊಳೆಯುತ್ತಿದ್ದವು, ಒಲೆಯಲ್ಲಿ ಮಾತ್ರ ಚಿಟಿಕೆ ಬೂದಿ ಇರಲಿಲ್ಲ. ಪ್ರತಿ ಕೋಟೆಯ ಮುಂದೆಯೂ ನಾನು ಮುಚ್ಚಳ ತೆಗೆದು ಹಿಡಿದು ನೋಡುತ್ತಿದ್ದೆ. ನಾಲ್ಕನೆಯ ಕಡೆ ನಮ್ಮ ಗೈಡು ಕೇಳಿಯೇಬಿಟ್ಟ. ಅವನೂ ಬೆಂಗಳೂರಿನವನೇ. ಮುಚ್ಚಳ ತಿರುಗಿಸಿ ನೋಡಿ, "ಆಂಟಿ, ಇದು ಯಾವ ಕೋಟೆನೂ ಅಲ್ಲ. ಯಾರೋ ಮನಸಿಗೆ ಬಂದಂಗೆ ಬರ್ದಿರೋ ಚಿತ್ರ" ಅಂದ. ಸುಧಾ ಅವನನ್ನು ದುರುಗುಟ್ಟಿ ನೋಡಿದಳು. ಇದನ್ನು ನಿಮಗೆ ಹೇಳಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಎಷ್ಟು ವರ್ಷ ನೀವು ಅದನ್ನೇ ನೋಡಿಕೊಂಡು...

ರೇಸಿಗೆ ಟೂರಿನವರು ಕರೆದೊಯ್ಯಲಿಲ್ಲ. ಸುಧಾ ಒಂದು ದಿನ ಬಿಡಿಸಿಕೊಂಡು ರೈಲಿನಲ್ಲಿ ಒಂದು ಹಳ್ಳಿಗೆ ಕರೆದುಕೊಂಡು ಹೋದಳು. ಬೆಳಗಿನಿಂದಲೇ ಜನ ರಸ್ತೆಯ ಪಕ್ಕ ಕುರ್ಚಿ ಹಾಕಿಕೊಂಡು, ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಇಬ್ಬರು ಮುದುಕರು ಬಗ್ಗಿ ಬಿಳಿ ಬಣ್ಣದಲ್ಲಿ ರಸ್ತೆಯ ಮೇಲೆ ಏನೋ ಬರೆಯುತ್ತಿದ್ದರು.

"ಅದೇನೇ?"

"ಸೈಕಲ್ ತುಳಿಯೋರ ಹೆಸ್ರಮ್ಮಾ. ಓದ್ಕೊಂಡ್ ಹೋದ್ರೆ ಅವ್ರಿಗೊಂದು ಹುರುಪು ಅಂತೆ."

ನಾನು ಚೀಲದಿಂದ ರಂಗೋಲಿ ಪುಡಿ ತೆಗೆದೆ. ಅಂಚಿನಲ್ಲಿ ಕೂತು, ನಮ್ಮ ಬಾಗಿಲಲ್ಲಿ ಎಳೆ ಎಳೆಯುವ ಹಾಗೆಯೇ, ನಿಮ್ಮ ಹೆಸರು ಬರೆದೆ. ಜೀವನದಲ್ಲಿ ಮೊದಲ ಸಲ. ಸುಧಾ ನನ್ನ ಸೆರಗು ಮಣ್ಣಾಗದ ಹಾಗೆ ಎತ್ತಿ ಹಿಡಿದುಕೊಂಡು ನಿಂತಳು. ಪೊಲೀಸಿನವನು ಬಂದು ಕೈ ಬೀಸಿ ನಮ್ಮನ್ನು ಹಿಂದೆ ಸರಿಸಿದ. ಪುಣ್ಯಕ್ಕೆ ಕೊನೆಯ ಅಕ್ಷರ ಮುಗಿದಿತ್ತು.

ನೀವು ಗಂಟೆಗಟ್ಟಲೆ ನೋಡುತ್ತಿದ್ದ ರೇಸು ನಮ್ಮೆದುರು ಒಂದು ನಿಮಿಷವೂ ಇರಲಿಲ್ಲ. ಚೈನುಗಳ ಸದ್ದು, ಗಾಳಿ, ಬಣ್ಣ, ಅಷ್ಟೇ. ಸುತ್ತಲಿನವರೆಲ್ಲ ಒಬ್ಬೊಬ್ಬರು ಒಂದೊಂದು ಹೆಸರು ಹಿಡಿದು ಕೂಗುತ್ತಿದ್ದರು. ನನ್ನ ಬಾಯಿಯೂ ತೆರೆಯಿತು.

"ಮುದ್ದಯ್ಯಾ..."

ಮತ್ತೆ ಕೂಗಿದೆ. ಗಂಟಲು ಕಟ್ಟುವವರೆಗೆ ಕೂಗಿದೆ. ಯಾರೂ ತಿರುಗಿ ನೋಡಲಿಲ್ಲ. ಅಲ್ಲಿ ಅದು ಎಲ್ಲರೂ ಮಾಡುವ ಕೆಲಸ. ಎಲ್ಲರಿಗಿಂತ ಹಿಂದೆ ಬಿದ್ದವನೊಬ್ಬನ ಚಕ್ರ ನಿಮ್ಮ ಹೆಸರಿನ ತುದಿಯ ಮೇಲೆ ಹಾಯ್ದು, ಬಿಳಿ ಪುಡಿ ನಾಲ್ಕು ಮಾರು ದೂರ ಅವನ ಜೊತೆ ಹೋಯಿತು. ಸುಧಾ ಅಳುತ್ತಿದ್ದಳು. ನಾನು ಅಳಲಿಲ್ಲ, ರಸ್ತೆಯನ್ನೇ ನೋಡುತ್ತಿದ್ದೆ.

ಮುಚ್ಚಳವನ್ನು ಮತ್ತೆ ಡಬ್ಬಿಗೆ ಹಾಕಿ ನಿಮ್ಮ ಫೋಟೊದ ಕೆಳಗೆ ಇಟ್ಟಿದ್ದೇನೆ. ಪಿತೃಪಕ್ಷ ಹತ್ತಿರ ಬಂತು. ಹೋದ ಸಲ ಎಡೆ ಇಟ್ಟು ಬಾಗಿಲ ಕಡೆ ನೋಡಿಕೊಂಡು ಸುಮ್ಮನೆ ಕೂತಿದ್ದೆ. ಈ ಸಲ ಹೊಸಿಲಲ್ಲಿ ನಿಂತು ಹೆಸರು ಹಿಡಿದೇ ಕರೆಯುತ್ತೇನೆ. ಬಾಯಿಗೆ ಈಗ ರೂಢಿಯಾಗಿದೆ. ಬನ್ನಿ.