ಕೂಸಿನ ಕಿವಿಗೆ

ಇಬ್ರಾ, ಒಮಾನ್
ಮಾರ್ಚ್ 2016

ವೈನಿಗೆ ಸುವರ್ಣಾಳ ನಮಸ್ಕಾರ.

ತೈಲದ ಬೆಲೆ ಬಿದ್ದು ಇವರ ಸಂಬಳ ಕಡಿತವಾದ ಮೇಲೆ ಮನೆಯ ಇಂಟರ್‌ನೆಟ್ಟನ್ನು ಅಗ್ಗದ, ನಿಧಾನದ ಪ್ಲಾನಿಗೆ ಇಳಿಸಿದ್ದೆವು. ನಿನ್ನೆ ನಿಮ್ಮ ಕೂಸಿಗೆ ಹೆಸರಿಡುವ ತೊಟ್ಟಿಲ ದಿನವೇ ಅದು ಕೈಕೊಟ್ಟಿತು. ಸೋದರತ್ತೆಯಾದ ನಾನು ವಾಡಿಕೆಯಂತೆ ಅವಳ ಕಿವಿಗೆ ವಿಡಿಯೋದಲ್ಲಿ 'ಕುರ್ರ್' ಎಂದು ಹೆಸರು ಕರೆಯುವಷ್ಟರಲ್ಲಿ ಚಿತ್ರ ನಿಂತುಹೋಯಿತು. ಪರದೆಯ ತುಂಬ ಕೂಸಿನ ಕಿವಿಯೊಂದೇ. ಅಲುಗದ ಆ ಕಿವಿಗೆ ನಾನು ಕರೆಯುತ್ತಲೇ ಇದ್ದೆ.

"ಸಾಕು ಬಿಡು, ಲೈನ್ ಕಟ್ ಆಗೇತಿ" ಎಂದು ಇವರು ಫೋನ್ ತೆಗೆದುಕೊಂಡರು.

ಇವರ ಕೆಲಸ ಸದ್ಯ ಉಳಿದಿದೆ, ಚಿಂತೆ ಬೇಡ. ಈ ಕಾರ್ಡು ನಿಮಗೆ ಮುಟ್ಟಿದ ಕೂಡಲೇ ನನ್ನ ಪರವಾಗಿ ಅವಳ ಕಿವಿಯಲ್ಲಿ ಹೇಳಿರಿ: ದಾಕ್ಷಾಯಿಣಿ. ಹೆಸರು ಕರೆದವಳ ಬೆನ್ನಿಗೆ ನೀವೆಲ್ಲ ಹಾಕುವ ಗುದ್ದು ಮಾತ್ರ ಬೇರೆ ಯಾರಿಗೂ ಕೊಡಬೇಡಿರಿ. ಇವರು ಮಸ್ಕತ್ತಿನ ರೂವಿಗೆ ಹೊರಟು ನಿಂತಿದ್ದಾರೆ, ಅಂಚೆಗೆ ಹಾಕಲು ಕಾರ್ಡು ಕೊಡಬೇಕು. ನಿನ್ನೆಯಿಂದ ನನ್ನ ಬೆನ್ನು ಆ ಗುದ್ದಿಗೆ ಕಾಯುತ್ತಿದೆ.

ಸುವರ್ಣಾ