ಕಿವಿಗೆ ಹನಿ ಬರೆಯುವ ಮುನ್ನ ಒಂದು ನಿಮಿಷ

ಜಿಲ್ಲೆಯ ಆರೋಗ್ಯ ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಕೈಕೆಳಗಿನ ದವಾಖಾನೆಯೊಂದರಲ್ಲಿ ಯಾರಿಗೆ ಕಿವಿ ಕೇಳದಿದ್ದರೂ ಕಿವಿಯಲ್ಲಿ ಗುಗ್ಗೆ ಕಟ್ಟಿದೆ ಎಂದು ಹನಿ ಬರೆದುಕೊಡುತ್ತಾರೆ. ಕಿವುಡಿನಲ್ಲಿ ದಾರಿ ಕಟ್ಟಿದ್ದು ಬೇರೆ, ನರ ಕೆಟ್ಟದ್ದು ಬೇರೆ. ಇಷ್ಟನ್ನು ನೋಡಲು ಒಂದು ನಿಮಿಷ ಸಾಕು. ಆ ನಿಮಿಷ ಯಾವ ಬಜೆಟ್ಟಿನಲ್ಲಿ ಬರುತ್ತದೆ?

ಹೋದ ವರ್ಷ ಒಂದು ಮುಂಜಾನೆ ನನ್ನ ಹೆಂಡತಿ ರಾಜಮತಿಗೆ ಎಡಗಿವಿ ಕೇಳದಾಯಿತು. ನಾವು ಜೈನರು, ಆಕೆ ತುಟಿ ಮುಚ್ಚಿ ಗುನುಗುತ್ತ ಜಪ ಮಾಡುವಾಕೆ. ಆ ದವಾಖಾನೆಯ ಡಾಕ್ಟರ ಮುಂದೆ ತಾನಾಗಿಯೇ ಹೇಳಿದಳು: “ಜಪಾ ಮಾಡೂ ಮುಂದ ನನ್ನ ದನಿ ಬಲಗಿವ್ಯಾಗಷ್ಟ ಗುಂಯ್ ಅಂತೈತ್ರಿ ಸಾಹೇಬ್ರ.”

“ಯಾಕ್ರಿ ಆಯಿ, ನಿಮ್ಮ ದೇವರ ಒಂದ ಬಾಜೂಕ ಸರದ ಕುಂತಾನೇನ?” ಅಂದರು ಡಾಕ್ಟರು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಹನಿ ತಂದೆವು.

ಇಪ್ಪತ್ತು ದಿನ ಹನಿ ಹಾಕಿಯೂ ಕೇಳದ್ದರಿಂದ ಮಿರಜದ ದೊಡ್ಡ ದವಾಖಾನೆಗೆ ಹೋದೆವು. ಅಲ್ಲಿಯ ಡಾಕ್ಟರು ಟ್ಯೂನಿಂಗ್ ಫೋರ್ಕನ್ನು, ಬಡಿದರೆ ಗುಂಯ್ ಅನ್ನುವ ಆ ಎರಡು ಕವಲಿನ ಉಕ್ಕಿನ ಕಡ್ಡಿಯನ್ನು, ಮೊಣಕೈಗೆ ಬಡಿದು ಆಕೆಯ ಹಣೆಯ ನಡುವೆ ಇಟ್ಟರು. ಅದನ್ನೇ ನಿಪ್ಪಾಣಿ ಕಾಲೇಜಿನ ಫಿಜಿಕ್ಸ್ ಪ್ರಾಕ್ಟಿಕಲ್ಲಿನಲ್ಲಿ ನಾನೂ ಬಡಿದಿದ್ದೆ. ‘ಸೌಂಡ್ ರಿಕ್ವಾಯರ್ಸ್ ಎ ಮೀಡಿಯಮ್’, ಪಾಠದ ಮುಂದಿನ ಸಾಲು ನೆನಪಿಲ್ಲ, ಇರಲಿ. “ಯಾವ ಕಡೆ ಕೇಳ್ತೈತಿ?” “ಬಲಕ್ಕ್ರಿ.” ಗುಗ್ಗೆಯಾಗಿದ್ದರೆ ಸದ್ದು ಕೆಟ್ಟ ಕಿವಿಯಲ್ಲೇ ಜೋರಾಗಿ ಕೇಳುತ್ತಿತ್ತಂತೆ. ಒಳ್ಳೆಯ ಕಿವಿಗೆ ಸರಿದರೆ ನರದ ದೋಷ. “ಮೊದಲನೇ ವಾರದಾಗ ಬಂದಿದ್ರ ಗುಳಿಗಿ ಕೊಟ್ಟ ನೋಡಬಹುದಿತ್ತು,” ಅಂದರು. ಅಂದರೆ, ಪರೀಕ್ಷೆಯನ್ನು ರಾಜಮತಿ ಜಪದಲ್ಲೇ ಮಾಡಿ ಮುಗಿಸಿದ್ದಳು. ರಿಸಲ್ಟು ಓದುವವರಿರಲಿಲ್ಲ.

ಈ ಚೈತ್ರದಲ್ಲಿ ಆಕೆ ಹೃದಯ ನಿಂತು ತೀರಿಕೊಂಡಳು. ಕಿವಿಗೂ ಅದಕ್ಕೂ ಸಂಬಂಧವಿಲ್ಲ, ಅದನ್ನು ನಿಮ್ಮ ಮೇಲೆ ಹೊರಿಸುವುದಿಲ್ಲ. ನನಗೆ ಅಳುವೂ ಬಂದಿಲ್ಲ. ಮಾತಾಡಲು ಆಕೆಯ ಬಲಕ್ಕೆ ಕೂಡುವುದನ್ನು ಕಲಿತಿದ್ದೆ. ಈಗಲೂ ಮಂಚದ ಬಲಕ್ಕೇ ಕೂಡುತ್ತೇನೆ.

ಮೊನ್ನೆ ಸೋಮವಾರ ನೆರೆಮನೆಯ ಸಾವಕ್ಕ ಕಿವಿ ಹಿಡಿದುಕೊಂಡು ಬಂದಳು. ಕೈಯಲ್ಲಿ ಅದೇ ಹನಿಯ ಬಾಟಲಿ.

“ಬಾಯಿ ಮುಚ್ಚಿ ಹ್ಞೂಂ ಅನ್ನವಾ,” ಅಂದೆ.

“ಯಾಕ್ರಿ ಕಾಕಾ, ನನಗೂ ಮಂತ್ರಾ ಕಲಸಾಕತ್ತೀರೇನ?”

ಗುನುಗಿದವಳು ಒಳ್ಳೆಯ ಕಿವಿಯನ್ನು ಮುಟ್ಟಿ ತೋರಿಸಿದಳು. ಮರುದಿನ ಮೊದಲ ಬಸ್ಸಿಗೆ ಮಿರಜಕ್ಕೆ ಕರೆದೊಯ್ದೆ. ಕಿವಿ ಹೋಗಿ ಅಂದಿಗೆ ನಾಲ್ಕನೆಯ ದಿನ. ಗುಳಿಗೆ ನಡೆದಿದೆ. ಕಿವಿ ಬಂದರೂ ಬಂದೀತು ಅಂದಿದ್ದಾರೆ.

ದೊಡ್ಡ ಯಂತ್ರ ಕೇಳುತ್ತಿಲ್ಲ. ಪ್ರತಿ ದವಾಖಾನೆಯ ಮೇಜಿನ ಮೇಲೆ ಒಂದು ಫೋರ್ಕು ಇಡಿಸಿ, ಬಳಸುವುದನ್ನು ಕಲಿಸಿ. ಸದ್ದು ಒಳ್ಳೆಯ ಕಿವಿಗೆ ಸರಿದರೆ ಅದೇ ದಿನ ದೊಡ್ಡ ದವಾಖಾನೆಗೆ ಚೀಟಿ ಕೊಡಿಸಿ. ಅಲ್ಲಿಯವರೆಗೆ ದಿನಾಲೂ ಆ ದವಾಖಾನೆಯ ಹೊರಗಿನ ಬೆಂಚಿನ ಮೇಲೆ ಕೂತು, ಹನಿ ಹಿಡಿದು ಬಂದವರನ್ನೆಲ್ಲ ನಾನೇ ಗುನುಗಿಸುತ್ತೇನೆ. ನಾನು ಡಾಕ್ಟರಲ್ಲ. ಅಪರಾಧವಾದರೆ ಪೊಲೀಸರನ್ನು ಕಳಿಸಿ. ಬೆಂಚು ಬಿಟ್ಟು ಎಲ್ಲಿಯೂ ಹೋಗಿರುವುದಿಲ್ಲ.

ಇಂತಿ,
ಮನೆಯಲ್ಲಿ ಹೆಸರು ಹಿಡಿದು ಕರೆಯುವವರಿಲ್ಲದ
ಪಾರಿಸ ಮಗದುಮ, ಜುಗೂಳ